ಓಡುತ್ತಾ ಓಡುತ್ತಾ ನಿಲ್ಲುತ್ತಿದ್ದ ಇಂಜಿನ್: ತೊಂದರೆ ಇದ್ದದ್ದು ಟ್ಯಾಂಕ್ ಮುಚ್ಚಳದಲ್ಲಿ

ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಮುಕ್ಕರಿಸಿ ನಿಂತುಬಿಡುತ್ತಿತ್ತು. ಸುಮ್ನೆ ಬಿಟ್ಟರೆ ಮತ್ತೆ ಸ್ಟಾರ್ಟ್! ರಿಪೇರಿ ಅಂಗಡಿಯವರು ಬಿಚ್ಚಿ ನೋಡದೆಯೇ 'ಕಾರ್ಬುರೇಟರ್ ಹೋಗಿದೆ, ಹೊಸದು ಹಾಕಿಸಿ' ಎಂದರು. ನನಗೆ ನಂಬಿಕೆ ಬರಲಿಲ್ಲ. ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಆ ಭಾಗವೇ ಕೆಟ್ಟಿದ್ದರೆ ಸಾಮಾನ್ಯವಾಗಿ ಸ್ಟಾರ್ಟ್ ಆಗೋಕೂ ಸತಾಯಿಸುತ್ತೆ, ಅಲ್ವಾ?

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ಸರಿಯಾಗಿತ್ತು. ಏರ್ ಫಿಲ್ಟರ್ ಕೂಡ ಸ್ವಚ್ಛ. ಮುಂದಿನ ಸಲ ಇಂಜಿನ್ ನಿಂತಾಗ ಟ್ಯಾಂಕ್ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿದೆ. 'ಸುಯ್' ಎಂದು ಗಾಳಿ ಒಳಗೆಳೆದುಕೊಂಡಿತು. ಮುಚ್ಚಳ ಬಿಗಿ ಮಾಡಿ ಹಗ್ಗ ಎಳೆದರೆ ತಕ್ಷಣ ಶುರು.

ಮುಚ್ಚಳದಲ್ಲಿ ಸಣ್ಣ ಗಾಳಿತೂತು ಇರುತ್ತದೆ. ಪೆಟ್ರೋಲ್ ಇಳಿದಂತೆ ಅಲ್ಲಿಂದ ಗಾಳಿ ಬರಬೇಕು. ಧೂಳು, ಹುಲ್ಲಿನ ಪುಡಿ ಸೇರಿ ಅದು ಕಟ್ಟಿಕೊಂಡರೆ, ಬೆರಳಿಟ್ಟ ಸ್ಟ್ರಾದಲ್ಲಿ ನೀರು ನಿಲ್ಲುವ ಹಾಗೆ, ಪೆಟ್ರೋಲ್ ಟ್ಯಾಂಕಿನಲ್ಲೇ ನಿಲ್ಲುತ್ತದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಹಾಕಿದೆ. ತಂತಿ ಚುಚ್ಚಬೇಡಿ, ಕೆಲವು ಮುಚ್ಚಳಗಳ ಒಳಗೆ ರಬ್ಬರ್ ವಾಲ್ವ್ ಇರುತ್ತದೆ, ಹರಿದುಹೋದೀತು. ತೊಳೆದರೂ ಸರಿಹೋಗದಿದ್ದರೆ ಅದೇ ಮಾಡೆಲ್ಲಿನ ಹೊಸ ಮುಚ್ಚಳ ಸಾಕು. ಅಂಗಡಿಗೆ ಒಯ್ಯುವುದಾದರೆ ಬರೀ 'ಓಡ್ತಿಲ್ಲ' ಅನ್ನಬೇಡಿ, 'ಮುಚ್ಚಳ ಸಡಿಲಿಸಿದರೆ ಓಡುತ್ತೆ' ಅಂತ ಬಿಡಿಸಿ ಹೇಳಿ.