ಮಡಚುವ ಚಾಕುವಿನ ಹಿಡಿ: ಕರಾವಳಿಯ ಮಳೆಗಾಲದಲ್ಲಿ ಆರೈಕೆ

ಕಾರವಾರದ ಮಳೆಗಾಲದಲ್ಲಿ ಹಳೆಯ ಮಡಚುವ ಚಾಕುಗಳನ್ನು ಜೋಪಾನ ಮಾಡುವವರು ಅಲಗಿನಷ್ಟೇ ಹಿಡಿಯನ್ನೂ ಗಮನಿಸಬೇಕು. ಏಕೆಂದರೆ ಮೂಳೆ, ಕೊಂಬು, ಮರ ಮೂರೂ ಗಾಳಿಯ ತೇವವನ್ನು ಹೀರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಮೂಳೆಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳಂಥ ರಂಧ್ರಗಳು ಕಾಣುತ್ತವೆ. ಎಮ್ಮೆಯ ಕೊಂಬಿನಲ್ಲಿ ಅವು ಇರುವುದಿಲ್ಲ. ಹೆಚ್ಚು ಕಾಳಜಿ ಬೇಡುವುದು ಕೊಂಬೇ: ತೇವಕ್ಕೆ ಉಬ್ಬಿ, ಒಣಗಿದಾಗ ಕುಗ್ಗಿ, ಹಿತ್ತಾಳೆಯ ಮೊಳೆಯ ಸುತ್ತ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಹುಳುವೂ ಅದನ್ನು ತಿನ್ನುತ್ತದೆ. ಆದ್ದರಿಂದ ಒಣಬಟ್ಟೆಯಿಂದ ಒರೆಸಿ, ಒಂದೇ ಹನಿ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ, ಬಣ್ಣ ವಾಸನೆಯಿಲ್ಲದ ಎಣ್ಣೆ) ಸವರಿ, ಬೂಸ್ಟು ಹಿಡಿಯುವ ಚರ್ಮದ ಚೀಲದಲ್ಲಿಡದೆ, ತೇವ ಹೀರುವ ಸಿಲಿಕಾ ಜೆಲ್‌ನ ಚಿಕ್ಕ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ತೆಂಗಿನೆಣ್ಣೆ ಕೈಗೆ ಸಿಗುವಂತಿದ್ದರೂ ಬೇಡ, ಅದು ಕಮಟು ವಾಸನೆ ಬರಿಸುತ್ತದೆ. ಬಿಸಿಲಿಗಂತೂ ಇಡಲೇಬಾರದು. ಬೀಟೆಮರದ ಹಿಡಿಗೆ ಇಷ್ಟು ಆತಂಕ ಬೇಕಿಲ್ಲ. ಕಡವೆಯ ಕೊಂಬು, ಆನೆದಂತಗಳ ವ್ಯಾಪಾರವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿರುವುದರಿಂದ, ಅಂಥ ಹಿಡಿಗಳು ಎಷ್ಟೇ ಚೆಂದವಿದ್ದರೂ ಕೊಳ್ಳಬೇಡಿ.