ಪರದೆ ಮೇಲಿನ ಕ್ಯೂಆರ್ ಓದಿಸಿದ್ದು: ನನ್ನ ಅನುಭವ

"ಸ್ಕ್ರೀನ್ ಮೇಲಿರೋದನ್ನ ಅದೇ ಕಂಪ್ಯೂಟರ್ ಹೆಂಗ್ ಸ್ಕ್ಯಾನ್ ಮಾಡ್ತತಪ್ಪ? ಸುಮ್ನೆ ಎಂಟ್ರಿ ಮಾಡು" ಅಂದಿದ್ದರು ನಮ್ಮ ಸೀನಿಯರ್. ಈಗ ಪರದೆ ಮೇಲಿನ ಕೋಡ್ ಓದಿಸೋಕೆ ಅವರೇ ದಿನಾ ನನ್ನ ಸ್ಕ್ರಿಪ್ಟಿನ ಎಫ್9 ಒತ್ತುತ್ತಾರೆ.

ದಾವಣಗೆರೆಯಲ್ಲಿ ನಮ್ಮದು ಜಿಎಸ್‌ಟಿ ಲೆಕ್ಕ ಬರೆಯುವ ಸಣ್ಣ ಆಫೀಸು. 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವರಿಗೂ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್ಲು) ಕಡ್ಡಾಯವಾದ ಮೇಲೆ ನಮ್ಮ ಪಾರ್ಟಿಗಳ, ಅಂದರೆ ನಮ್ಮಲ್ಲಿ ಲೆಕ್ಕ ಬರೆಸುವವರ, ಖರೀದಿ ಬಿಲ್ಲುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲಿಗೆ ಕ್ಯೂಆರ್ ಬಂತು. ಎರಡೂ ಕಡೆಯ ಜಿಎಸ್‌ಟಿ ನಂಬರು, ಬಿಲ್ ನಂಬರು, ತಾರೀಕು, ಒಟ್ಟು ಮೊತ್ತ ಎಲ್ಲ ಅದರೊಳಗೇ ಕೂತಿರುವಾಗ ನಾವು ಜಿಎಸ್‌ಟಿ ನಂಬರಿನ 15 ಅಕ್ಷರ ನೋಡಿ ನೋಡಿ ಹೊಡೆಯುತ್ತಿದ್ದೆವು.

ಮೊದಲು ದುಡ್ಡು ಕಳೆದೆ. ಸುಮಾರು 1,500 ಕೊಟ್ಟು ತಂದ ಲೇಸರ್ ಸ್ಕ್ಯಾನರ್ ಗೆರೆ ಬಾರ್‌ಕೋಡ್ ಮಾತ್ರ ಓದುವಂಥದ್ದು, ಅದೂ ಕಾಗದದ ಮೇಲೆ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಆಮೇಲೆ ನಾಲ್ಕು ಸಾವಿರದ ಹತ್ತಿರದ, ಕ್ಯೂಆರ್ ಓದುವ 2ಡಿ ಸ್ಕ್ಯಾನರ್ ತಂದೆ. ಯುಪಿಐ ಕೋಡನ್ನು ಟಕ್ ಅಂತ ಓದಿತು, ಇ-ಇನ್‌ವಾಯ್ಸ್ ಕೋಡಿಗೆ ಹತ್ತರಲ್ಲಿ ಆರು ಸಲ ಸುಮ್ಮನಾಯಿತು. ಓದಿದಾಗಲೂ ಸಾವಿರ ಅಕ್ಷರದ ಸರವನ್ನು ಎಕ್ಸೆಲ್‌ನ ಒಂದೇ ಸೆಲ್ಲಿಗೆ ಸುರಿಯುತ್ತಿತ್ತು.

ಪಿಡಿಎಫ್‌ನಿಂದಲೇ ನೇರವಾಗಿ ತೆಗೆಯಬಹುದಲ್ಲ ಅಂತ ನೀವು ಕೇಳಬಹುದು. ಅರ್ಧ ಬಿಲ್ಲು ವಾಟ್ಸ್ಆಪ್ ಚಿತ್ರ, ಇನ್ನಷ್ಟು ಪಾರ್ಟಿಯ ಕಂಪ್ಯೂಟರಿಗೆ ರಿಮೋಟ್ ಹಾಕಿ ನೋಡುವಂಥವು. ಎಲ್ಲಕ್ಕೂ ಸಮಾನವಾಗಿ ಸಿಗೋದು ಪರದೆ ಒಂದೇ.

ಪರದೆಯಿಂದಲೇ ಓದುವ ಸ್ಕ್ರಿಪ್ಟ್ ಬರೆಯೋಣ ಅಂತ ಪೈಥಾನ್, ಪರದೆಯ ಚಿತ್ರ ತೆಗೆಯುವ ಎಂಎಸ್‌ಎಸ್, ಕೋಡ್ ಓದುವ ಪೈಝ್‌ಬಾರ್ ಹಾಕಿ ಕೂತೆ. ಮೊದಲ ದಿನ ಪೂರ್ತಿ ಝ್‌ಬಾರ್‌ಗೆ ಬೇಕಾದ ಡಿಎಲ್‌ಎಲ್ ಫೈಲ್ ಸಿಗಲಿಲ್ಲ ಅನ್ನೋ ಎರರ್‌ಗೇ ಹೋಯಿತು. ವಿಷುವಲ್ ಸಿ++ 2013ರ ರನ್‌ಟೈಮ್ ಹಾಕಿದ ಮೇಲೆ ಸರಿಹೋಯಿತು, ಹೊಸ ಆವೃತ್ತಿ ಇದ್ದರೂ 2013ರದ್ದೇ ಬೇಕು. ಮಾರನೇ ದಿನ ಲ್ಯಾಪ್‌ಟಾಪಿನ 125% ಸ್ಕೇಲಿಂಗ್ (ಪರದೆ ಮೇಲಿನದನ್ನೆಲ್ಲ ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) ಕಾಡಿತು. ನಾನು ಗುರುತು ಹಾಕಿದ ಜಾಗ ಒಂದು, ಚಿತ್ರ ಬಂದ ಜಾಗ ಇನ್ನೊಂದು. ಸ್ಕ್ರಿಪ್ಟಿನ ಶುರುವಿನಲ್ಲೇ ಅದನ್ನು ಡಿಪಿಐ ಅವೇರ್ ಮಾಡುವ, ಅಂದರೆ ಸ್ಕೇಲಿಂಗ್ ಗಮನಿಸುವಂತೆ ಮಾಡುವ, ಒಂದು ಸಾಲು ಸೇರಿಸಿ.

ಆಮೇಲೂ ಓದಲಿಲ್ಲ. ಮೂರು ವಾರ ಕಾಂಟ್ರಾಸ್ಟ್, ಥ್ರೆಶೋಲ್ಡ್, ಶಾರ್ಪನ್ ಅಂತ ಒದ್ದಾಡಿದೆ. ಕೊನೆಗೆ ಒಂದು ಸ್ಕ್ರೀನ್‌ಶಾಟನ್ನು ಪೇಂಟ್‌ನಲ್ಲಿ ದೊಡ್ಡದು ಮಾಡಿ ಚೌಕ ಎಣಿಸಿದೆ. ಈ ಕೋಡಿನ ಒಂದು ಬದಿಗೆ ನೂರಕ್ಕೂ ಹೆಚ್ಚು ಚೌಕ. ಬಿಲ್ಲಿನಲ್ಲಿ ಅದು ಒಂದೇ ಇಂಚು, ಅಂದರೆ 100% ಝೂಮ್‌ನಲ್ಲಿ ಪರದೆ ಮೇಲೆ ಹೆಚ್ಚುಕಡಿಮೆ ನೂರು ಪಿಕ್ಸೆಲ್. ಒಂದು ಚೌಕಕ್ಕೆ ಸರಿಯಾಗಿ ಒಂದು ಪಿಕ್ಸೆಲ್ಲೂ ದಕ್ಕಿರಲಿಲ್ಲ! ಚಿತ್ರ ತೆಗೆದ ಮೇಲೆ ಎಷ್ಟು ಹಿಗ್ಗಿಸಿದರೂ ಕಳೆದದ್ದು ಬರುವುದಿಲ್ಲ, ತೆಗೆಯುವ ಮೊದಲೇ ಹಿಗ್ಗಿಸಬೇಕು. ಈಗ ಎಫ್9 ಒತ್ತಿದರೆ ಸ್ಕ್ರಿಪ್ಟ್ ತಾನೇ ಕಂಟ್ರೋಲ್-ಪ್ಲಸ್ ಕಳಿಸಿ 400%ಗೆ ಒಯ್ದು, ಕೋಡನ್ನು ನಡುವಿಗೆ ತಂದು, ಕತ್ತರಿಸಿ ಓದುತ್ತದೆ. ನಡುವಿಗೆ ಹೇಗೆ ತರುತ್ತೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ಎಷ್ಟೋ ಭಾನುವಾರ ಹೋಗಿವೆ. ವಾಟ್ಸ್ಆಪ್‌ನಲ್ಲಿ ಹಿಂಡಿಹೋದ ಚಿತ್ರಕ್ಕೆ ಮಾತ್ರ ಇದೂ ನಡೆಯಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಪಾರ್ಟಿಗೆ ಹೇಳಿಬಿಡುತ್ತೇನೆ.

ಓದಿದ ಸರ ಎರಡು ಚುಕ್ಕಿಯಿಂದ ಮೂರು ತುಂಡಾಗುತ್ತೆ, ನಡುವಿನದ್ದು ಬೇಸ್64, ಅಂದರೆ ಮಾಹಿತಿಯನ್ನು ಅಕ್ಷರ-ಅಂಕಿಗಳ ಸರವಾಗಿ ಬರೆಯುವ ರೀತಿ. ಅದನ್ನು ಬಿಡಿಸುವಾಗ ಕೊನೆಗೆ ಸಮ ಚಿಹ್ನೆ (=) ಸೇರಿಸದಿದ್ದರೆ ಎಷ್ಟೋ ಸಲ ಪ್ಯಾಡಿಂಗ್ ಎರರ್ ಕೊಡುತ್ತೆ. ಒಳಗೆ ಜೇಸನ್ (ಹೆಸರು-ಬೆಲೆ ಜೋಡಿಗಳಾಗಿ ಮಾಹಿತಿ ಬರೆದ ಪಠ್ಯ), ಅದರೊಳಗೆ ಇನ್ನೊಂದು ಜೇಸನ್. ಎಕ್ಸೆಲ್‌ಗೆ ಬರೆಯುವಾಗ ಬಿಲ್ ನಂಬರಿನ ಕಾಲಂ ಟೆಕ್ಸ್ಟ್ ಮಾಡಿ. ನಾನು ಮಾಡದೆ 0112 ಹೋಗಿ 112 ಆಯಿತು, 12-24 ಹೋಗಿ ಡಿಸೆಂಬರ್ ಆಯಿತು, ಆ ತಿಂಗಳು 2ಬಿ (ಜಿಎಸ್‌ಟಿ ಪೋರ್ಟಲ್ ಕೊಡುವ ಖರೀದಿ ಪಟ್ಟಿ) ಜೊತೆ ಒಂದೂ ತಾಳೆ ಬೀಳಲಿಲ್ಲ.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಬಿಲ್ಲಿನಲ್ಲಿ ಅಚ್ಚಾದ ಮೊತ್ತವನ್ನೂ ಓದಿಸಿ ಕ್ಯೂಆರ್ ಮೊತ್ತದ ಜೊತೆ ಹೋಲಿಸಿದೆ. ಒಬ್ಬ ಸರಬರಾಜುದಾರರ ಎರಡು ಬಿಲ್ಲಿನಲ್ಲಿ ಅಚ್ಚಾದದ್ದೇ ಬೇರೆ! ಆಫೀಸಿನ ಯಜಮಾನರು ಫೋನ್ ಮಾಡಿ ಸರಿ ಮಾಡಿಸಿದರು. ತೆರಿಗೆ ಹಂಚಿಕೆ (ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಷ್ಟೆಷ್ಟು ಅನ್ನೋದು) ಮಾತ್ರ ಕೋಡಿನಲ್ಲಿ ಇಲ್ಲ, ಅದನ್ನು 2ಬಿಯಿಂದಲೇ ಎಳೆಯುತ್ತೇನೆ.

40 ಬಿಲ್ಲಿಗೆ ಮೊದಲು ಒಂದೂವರೆ ಗಂಟೆ, ಈಗ ಹತ್ತು ಹನ್ನೆರಡು ನಿಮಿಷ. 2ಡಿ ಸ್ಕ್ಯಾನರನ್ನು ಎರಡೂವರೆ ಸಾವಿರಕ್ಕೆ ಔಷಧಿ ಅಂಗಡಿಯವರಿಗೆ ಕೊಟ್ಟೆ. ಲೇಸರ್‌ನದು ಇನ್ನೂ ಡ್ರಾಯರ್‌ನಲ್ಲೇ ಇದೆ.