ಡೆಬಿಯನ್ 7ರಿಂದ 8ಕ್ಕೆ ಹೋದ್ಮೇಲೆ ಎಮರ್ಜೆನ್ಸಿ ಮೋಡ್: ಸರಿಯಾದದ್ದು ಹೀಗೆ

ಬದಿಯಡ್ಕದ ನಮ್ಮ ಅಂಗಡಿಯ ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಕಂಪ್ಯೂಟರಲ್ಲಿ, ಯಕ್ಷಗಾನ ರೆಕಾರ್ಡಿಂಗ್ ಇರೋ ಯುಎಸ್‌ಬಿ ಡಿಸ್ಕ್ ಕಳಚಿಟ್ಟ ದಿನ ಬೂಟ್ ಆಗ್ತಿರ್ಲಿಲ್ಲ. "ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್" ಅಂತ ಒಂದೂವರೆ ನಿಮಿಷ ಎಣಿಸಿ, ಆಮೇಲೆ ಎಮರ್ಜೆನ್ಸಿ ಮೋಡಿಗೆ ಹೋಗಿ ರೂಟ್ (ಅಡ್ಮಿನ್) ಪಾಸ್‌ವರ್ಡ್ ಕೇಳಿ ನಿಲ್ತಿತ್ತು.

ಇದಕ್ಕೆ ಹಳೇ ಕರ್ನಲಲ್ಲಿ ಬೂಟ್ ಮಾಡೋದು, ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣೆ), ಗ್ರಬ್ (ಬೂಟ್ ಮೆನು ತೋರಿಸೋ ಪ್ರೋಗ್ರಾಮ್) ರಿಇನ್‌ಸ್ಟಾಲ್ ಯಾವ್ದೂ ಉಪಯೋಗ ಇಲ್ಲ.

ಕಾರಣ ಏನಂದ್ರೆ 2015ರಲ್ಲಿ ಬಂದ ಡೆಬಿಯನ್ 8 ಅಪ್‌ಗ್ರೇಡ್ ಆಗುವಾಗ ಇನಿಟ್ (ಬೂಟಲ್ಲಿ ಮೊದ್ಲು ಓಡಿ ಉಳಿದದ್ದನ್ನೆಲ್ಲ ಶುರು ಮಾಡೋ ಪ್ರೋಗ್ರಾಮ್) ಆಗಿ ಸಿಸ್‌ವಿ ಇನಿಟ್ ಬದ್ಲಿಗೆ ಸಿಸ್ಟಮ್‌ಡಿ ಕೂರಿಸ್ತದೆ, ಹಳೇದು ಮೌಂಟ್ ಆಗದ (ಸಿಸ್ಟಮ್‌ಗೆ ಜೋಡಣೆಯಾಗದ) ಡಿಸ್ಕ್ ಬಿಟ್ಟು ಮುಂದೆ ಹೋಗ್ತಿತ್ತು, ಹೊಸದು ಬೂಟನ್ನೇ ನಿಲ್ಲಿಸ್ತದೆ. ಓಡ್ತಿರೋ ಸಿಸ್ಟಮ್‌ನ ಬುಡವನ್ನೇ ಹೀಗೆ ಬದಲಿಸೋದು ಸರಿಯಲ್ಲ, ಹೊಸ ಇನ್‌ಸ್ಟಾಲ್‌ಗೆ ಬೇಕಾದ್ರೆ ಹಾಕ್ಲಿ.

ಮೊದ್ಲು ಗ್ರಬ್ ಮೆನುವಲ್ಲಿ "ಇ" ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ಇನಿಟ್=/ಲಿಬ್/ಸಿಸ್‌ವಿಇನಿಟ್/ಇನಿಟ್ ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿ. ಸಿಸ್‌ವಿ ಇನಿಟ್ ಪ್ಯಾಕೇಜ್ ಅಳಿಸಿರದಿದ್ರೆ ಹಳೇ ಇನಿಟಲ್ಲೇ ಬೂಟ್ ಆಗ್ತದೆ. ಆಮೇಲೆ /ಇಟಿಸಿ/ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ) ತೆರೆದು ಆ ಡಿಸ್ಕಿನ ಸಾಲಲ್ಲಿ, ನಾಲ್ಕನೇ ಕಾಲಮ್‌ನಲ್ಲಿ "ಡಿಫಾಲ್ಟ್ಸ್" ಇದ್ದಲ್ಲಿ "ಡಿಫಾಲ್ಟ್ಸ್,ನೋಫೇಲ್" ಮಾಡಿ (ಡಿಸ್ಕ್ ಇಲ್ದಿದ್ರೂ ಬೂಟ್ ನಿಲ್ಲಿಸ್ಬೇಡ ಅಂತ ಅರ್ಥ), ಕಾಮಾ ಆದ್ಮೇಲೆ ಜಾಗ ಬಿಡ್ಬೇಡಿ, ಬಿಟ್ರೆ ಅದು ಐದನೇ ಕಾಲಮ್ ಆಗಿ ಹೋಗ್ತದೆ. ರೂಟ್ ಪಾರ್ಟಿಶನ್ ಸಾಲು ಮುಟ್ಬೇಡಿ. ಸೇವ್ ಮಾಡಿ, ಡಿಸ್ಕ್ ಕಳಚಿ ರೀಬೂಟ್ ಕೊಡಿ, ಎಮರ್ಜೆನ್ಸಿ ಮೋಡಲ್ಲಿ ನಿಲ್ಲದೆ ಲಾಗಿನ್‌ಗೆ ಬರ್ತದೆ.

ಇನ್ನೂ ಅಪ್‌ಗ್ರೇಡ್ ಮಾಡದವ್ರು ಹಳೇ ಇನಿಟೇ ಬೇಕಂದ್ರೆ, ಡಿಸ್ಟ್-ಅಪ್‌ಗ್ರೇಡ್‌ಗೆ ಮೊದ್ಲೇ /ಇಟಿಸಿ/ಎಪಿಟಿ/ಪ್ರಿಫರೆನ್ಸಸ್.ಡಿ ಒಳಗೆ ಒಂದು ಫೈಲ್ ಮಾಡಿ ಸಿಸ್ಟಮ್‌ಡಿ-ಸಿಸ್‌ವಿ ಪ್ಯಾಕೇಜಿನ ಪಿನ್ ಪ್ರಯಾರಿಟಿ -1 ಇಡಿ, ಅಂದ್ರೆ ಆ ಪ್ಯಾಕೇಜ್ ಇನ್‌ಸ್ಟಾಲ್ ಆಗದ ಹಾಗೆ ತಡೆದಂಗೆ.